ಎಲೆಯ ಆನೆಗೆ ಬಳಿದ ಕಪ್ಪು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಾವು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ, ಹೊಳೆಗೆ ಹತ್ತಿರದ ಹೆಂಚಿನ ಮನೆಯೊಂದರಲ್ಲಿದ್ದೆವು. ಅಪ್ಪ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದರು. ಅಲ್ಲಿಂದ ಹಾರಿಬರುವ ದೂಳು ಕಿಟಕಿ, ಪಾತ್ರೆ, ಮಲ್ಲಿಗೆ ಬಳ್ಳಿ ಎಲ್ಲದರ ಮೇಲೂ ಕೂರುತ್ತಿತ್ತು. ಆರಿಸಿ ತಂದ ಎಲೆಗಳನ್ನು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕಿತ್ತು. ಆ ಕೆಲಸ ನನ್ನದು. ಅವುಗಳಿಂದ ಚಿತ್ರ ಮಾಡುವುದು ಅಕ್ಕನದು.

ಅಕ್ಕನ ಕೈಯಲ್ಲಿ ಎಲೆ ಎಲೆಯಾಗಿ ಉಳಿಯುತ್ತಿರಲಿಲ್ಲ. ಹುಣಸೆಯ ಸಣ್ಣ ಎಲೆಗಳು ನವಿಲಿನ ಕುತ್ತಿಗೆಯಾಗುತ್ತಿದ್ದವು. ಹಣ್ಣಾದ ಹಲಸಿನ ಎಲೆ ಮುಳುಗುವ ಸೂರ್ಯನಾಗುತ್ತಿತ್ತು. ಅವ್ವ ಮೈದಾಹಿಟ್ಟಿನ ಅಂಟು ಕಾಯಿಸಿ ಕೊಡುತ್ತಿದ್ದಳು. ಅದರ ಬೆಚ್ಚನೆಯ ವಾಸನೆ ಮೂಗಿಗೆ ಬಂದರೆ ಸಾಕು, ನಾನು ಆಟ ಬಿಟ್ಟು ಓಡಿಬರುತ್ತಿದ್ದೆ. ಅಕ್ಕನಿಗೆ ಒಂದೇ ಕೊರತೆ. ಹಸಿರು, ಹಳದಿ, ಕೆಂಪು, ಕಂದು ಎಲ್ಲ ಎಲೆಗಳೂ ಸಿಗುತ್ತಿದ್ದವು. ಕಪ್ಪು ಎಲೆ ಮಾತ್ರ ಎಲ್ಲಿಯೂ ಇರಲಿಲ್ಲ. ಮಸಿ ಹಚ್ಚಿ ನೋಡಿದಳು. ಒಣಗಿದ ಮೇಲೆ ಅದು ಉದುರಿಹೋಯಿತು.

ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋದರು. ತುಂಗಾ ಹೊಳೆಯಲ್ಲಿ ಆನೆಗಳು ಮಗ್ಗುಲಾಗಿ ಮಲಗಿ ಮೈ ತಿಕ್ಕಿಸಿಕೊಳ್ಳುತ್ತಿದ್ದವು. ನೀರು ಬಿದ್ದ ಮೈ ಕರ್ರಗೆ ಹೊಳೆಯುತ್ತಿತ್ತು. ಅಕ್ಕ ಕಣ್ಣು ಕೀಳದೆ ನೋಡಿದಳು. "ಇದನ್ನೇ ಮಾಡ್ತೀನಿ. ಆದ್ರೆ ಕಪ್ಪು ಎಲ್ಲಿಂದ ತರ್ಲಿ?" ಎಂದಳು.

ಊಟವಾದ ಮೇಲೆ ಎಲೆ ಹುಡುಕುತ್ತಾ ಕಾಡಿನ ಅಂಚಿಗೆ ಹೋದೆವು. ಹೊಳೆಯ ಸದ್ದು ಹಿಂದೆ ಉಳಿಯಿತು. ಅಲ್ಲೊಂದು ಎತ್ತರದ ಮರವಿತ್ತು. ಸುತ್ತಲಿನ ಮರಗಳ ಕೊಂಬೆಗಳನ್ನೆಲ್ಲ ಯಾರೋ ಸೌದೆಗೆ ಕಡಿದಿದ್ದರು. ಆ ಮರಕ್ಕೆ ಮಾತ್ರ ಒಂದು ಕತ್ತಿಯೇಟೂ ಬಿದ್ದಿರಲಿಲ್ಲ. ಯಾಕೆಂದು ನಾವು ಯೋಚಿಸಲಿಲ್ಲ. ಅದರ ತೊಗಟೆಯ ಬಿರುಕುಗಳಿಂದ ಡಾಂಬರಿನಂಥ ಕಪ್ಪು ಇಳಿದು ಗಟ್ಟಿಯಾಗಿತ್ತು.

ಅಕ್ಕ ಕೇಳಿದಳೆಂದು ಅಪ್ಪ ಬಲಗೈಯಲ್ಲಿ ಒಂದು ಕೊಂಬೆಯನ್ನು ಬಗ್ಗಿಸಿ ಲಟಕ್ಕನೆ ಮುರಿದರು. ಮುರಿದಲ್ಲಿ ಹಾಲಿನಂಥ ರಸ ಒಸರಿತು. ಅಕ್ಕನ ಮುಖ ಸಪ್ಪಗಾಯಿತು. ಆದರೆ ನಾವು ನೋಡುತ್ತಿದ್ದಂತೆಯೇ ಆ ಬಿಳಿ ಹನಿ ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದಾಯಿತು, ಕೊನೆಗೆ ಕಪ್ಪಾಯಿತು. ನನಗೇಕೋ ಮೈ ಜುಮ್ಮೆಂದಿತು. ಅಕ್ಕನಿಗೆ ಮಾತ್ರ ಖುಷಿಯೋ ಖುಷಿ. ಮುತ್ತುಗದ ಎಲೆಯ ದೊನ್ನೆ ಮಾಡಿ ರಸವನ್ನು ಹಿಡಿದುಕೊಂಡಳು. ಬಸ್ಸಿನಲ್ಲಿ ಬರುವಾಗ ಒಂದು ಹನಿಯೂ ಚೆಲ್ಲದಂತೆ ಕಾಪಾಡಿದಳು.

ಸಂಜೆ ದೀಪ ಹಚ್ಚುವ ಮೊದಲೇ ಕೆಲಸಕ್ಕೆ ಕೂತಳು. ರಟ್ಟಿನ ಮೇಲೆ ತೇಗದ ಎಲೆಯ ಮೈ, ಅರಳಿ ಎಲೆಯ ಕಿವಿ, ಬೆಳ್ಳುಳ್ಳಿ ಸಿಪ್ಪೆಯ ದಂತ. ತೆಂಗಿನ ನಾರಿನ ಕುಂಚದಿಂದ ರಸ ಬಳಿದು, ಬೆರಳಿನಿಂದ ತೀಡಿ ನಯ ಮಾಡಿದಳು. ಹಣೆಗೆ ಬಿದ್ದ ಕೂದಲನ್ನು ಅದೇ ಬೆರಳಿನಿಂದ ಸರಿಸಿದಳು. ಕಣ್ಣು ತುರಿಸಿತೆಂದು ಅದೇ ಬೆರಳಿನಿಂದ ಉಜ್ಜಿಕೊಂಡಳು. ನಾನೂ ಬೆರಳು ಚಾಚಿದೆ.

"ಮುಟ್ಬೇಡ ಮಾರಾಯ, ಇನ್ನೂ ಒಣಗಿಲ್ಲ!" ಎಂದು ಗದರಿದಳು. ನಾನು ಮುನಿಸಿಕೊಂಡು ದೂರ ಕೂತೆ.

ಆನೆ ಹೊಳೆಯಿಂದ ಆಗತಾನೇ ಎದ್ದು ಬಂದಂತಿತ್ತು. ಕಪ್ಪೆಂದರೆ ಅಂಥ ಕಪ್ಪನ್ನು ನಾನು ಮತ್ತೆಂದೂ ನೋಡಿಲ್ಲ. ಅಕ್ಕ ಅದನ್ನು ತನ್ನ ಚಾಪೆಯ ಪಕ್ಕದ ಗೂಡಿನಲ್ಲಿ ಒಣಗಲು ಇಟ್ಟಳು.

ಸೋಮವಾರ ಅಕ್ಕ ದಿನವಿಡೀ ಕೈ ಕೆರೆದುಕೊಂಡಳು. ಮಂಗಳವಾರ ಬೆಳಿಗ್ಗೆ ಅವ್ವ ಕೂಗಿಕೊಂಡಿದ್ದು ಕೇಳಿ ಎದ್ದೆ. ಅಕ್ಕನ ಮುಖ ಅಕ್ಕನದಾಗಿರಲಿಲ್ಲ. ರೆಪ್ಪೆಗಳು ಊದಿ ಕಣ್ಣುಗಳು ಮುಚ್ಚಿಹೋಗಿದ್ದವು. ಹಣೆಯ ಮೇಲೆ, ಕೆನ್ನೆಯ ಮೇಲೆ ನೀರು ತುಂಬಿದ ಗುಳ್ಳೆಗಳು. "ಅವ್ವ, ಯಾಕೆ ಇಷ್ಟು ಕತ್ಲೆ?" ಎಂದು ಅವಳು ಕೇಳಿದಳು. ಹೊರಗೆ ಬಿಸಿಲು ಬಂದಿತ್ತು.

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಕಿಟಕಿಯೊಳಗೆ ಇಣುಕಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. "ದೇವಿ ಬಂದಿದಾಳೆ ಕಣವ್ವ," ಎಂದಳು. ದೇವಿ ಎಂದರೆ ಸಿಡುಬು. ಆಗ ಅದು ಮನುಷ್ಯರನ್ನು ಕೊಲ್ಲುತ್ತಿತ್ತು, ಉಳಿದವರಲ್ಲಿ ಕೆಲವರ ಕಣ್ಣು ಕಳೆಯುತ್ತಿತ್ತು. ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಅದನ್ನು ಕಂಡಿದ್ದೇ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಹಾಲಿನವನು ತಂಬಿಗೆಯನ್ನು ದೂರದ ಕಲ್ಲಿನ ಮೇಲಿಟ್ಟು ತಿರುಗಿ ನೋಡದೆ ಹೋದ. ನನ್ನ ಜೊತೆ ಗೋಲಿ ಆಡುತ್ತಿದ್ದ ಹುಡುಗರು ನಮ್ಮ ಮನೆಯ ಮುಂದೆ ಬಂದಾಗ ಉಸಿರು ಬಿಗಿಹಿಡಿದು ಓಡಿದರು.

ಪಾಳಿ ಮುಗಿಸಿ ಮಧ್ಯಾಹ್ನ ಬಂದ ಅಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಬಲಗೈಗೆ ಬಟ್ಟೆ ಸುತ್ತಿತ್ತು. ಕುಲುಮೆಯ ಬಿಸಿಗೆ ಸುಟ್ಟಿರಬೇಕು ಎಂದರು. ಅವ್ವ ನನ್ನ ಬಟ್ಟೆಗಳನ್ನು ಗಂಟು ಕಟ್ಟಿದಳು. ಶಿವಮೊಗ್ಗದ ಕೋಟೆ ಹತ್ತಿರದ ಮಾವನ ಮನೆಗೆ ನನ್ನನ್ನು ಕಳಿಸುವುದೆಂದು ಮಾತಾಯಿತು. ಅಕ್ಕನನ್ನು ಮತ್ತೆ ನೋಡುತ್ತೇನೋ ಇಲ್ಲವೋ ಎನಿಸಿತು. ಒಳಗೆ ಹೋಗಬೇಡವೆಂದಿದ್ದರೂ ಮೆಲ್ಲಗೆ ಹೋದೆ. ಗೂಡಿನಲ್ಲಿ ಆ ಆನೆ ಹೊಳೆಯುತ್ತಿತ್ತು. ಅದನ್ನಾದರೂ ಜೊತೆಗೆ ಒಯ್ಯೋಣವೆಂದು ಹತ್ತಿರ ಹೋದೆ.

ಅಕ್ಕನಿಗೆ ಹೆಜ್ಜೆಯ ಸದ್ದು ಕೇಳಿತು. "ಯಾರದು? ಎಲ್ಲಿ ನಿಂತಿದೀಯ?"

"ಆನೆ ಹತ್ರ," ಎಂದೆ.

"ಮುಟ್ಬೇಡ!" ಎಂದು ಕಿರುಚಿದಳು. ಅವಳು ಹಾಗೆ ಕಿರುಚಿದ್ದನ್ನು ನಾನೆಂದೂ ಕೇಳಿರಲಿಲ್ಲ. ಅಪ್ಪ ಅವ್ವ ಇಬ್ಬರೂ ಓಡಿಬಂದರು.

ಅಕ್ಕ ಏದುಸಿರು ಬಿಡುತ್ತಾ ಹೇಳಿದಳು: "ಅಪ್ಪ, ಸಿಡುಬಾದ್ರೆ ಕಾಲಿಗೂ ಏಳ್ಬೇಕಲ್ವಾ? ನಂಗೆ ಮೊದ್ಲು ಬೆರಳಿಗೆ ಎದ್ದಿದ್ದು. ಆಮೇಲೆ ಆ ಬೆರಳು ಎಲ್ಲೆಲ್ಲಿ ಹೋಯ್ತೋ ಅಲ್ಲಲ್ಲೇ ಎದ್ದಿದೆ. ನಿನ್ನ ಕೈ ನೋಡ್ಕೋ. ಕೊಂಬೆ ಮುರಿದ ಕೈಯೇನಾ?"

ಅಪ್ಪ ಬಟ್ಟೆ ಬಿಚ್ಚಿದರು. ಅಂಗೈ ತುಂಬ ಅಂಥವೇ ಗುಳ್ಳೆಗಳು. "ಹೌದು ಮಗ, ಅದೇ ಕೈ," ಎಂದರು.

ಅವ್ವ ಬೇಲಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಅಜ್ಜಿ ಕೇಳಿದ್ದು ಒಂದೇ ಮಾತು. "ಹಾಲು ಬಂದು ಕರ್ರಗಾಯ್ತಾ? ಅಯ್ಯೋ ಮಾರಾಯ್ತಿ, ಅದು ಕಾಡುಗೇರು! ಅದರ ಹಾಲು ತಾಗಿದ್ರೆ ಮೈಯೆಲ್ಲ ಗುಳ್ಳೆ, ನೆರಳಿಗೂ ಹೆದರ್ತಾರೆ ಜನ." ಹಾಗೆಂದವಳೇ ಕೊಬ್ಬರಿ ಎಣ್ಣೆಯ ಗಿಂಡಿ ಹಿಡಿದು ನಮ್ಮ ಮನೆಯೊಳಗೇ ಬಂದುಬಿಟ್ಟಳು. ಸ್ವಲ್ಪ ಹೊತ್ತಿಗೆ ಎದುರು ಮನೆಯವರೂ ಬಂದರು. ಅಪ್ಪ ಡಾಕ್ಟರನ್ನು ಕರೆತಂದರು. ಅವರು ಅಕ್ಕನ ರೆಪ್ಪೆ ಬಿಡಿಸಿ ಬ್ಯಾಟರಿ ಬಿಟ್ಟು ನೋಡಿದರು. "ಗುಡ್ಡೆಗೇನೂ ಆಗಿಲ್ಲ, ಊತ ಇಳಿದ್ರೆ ಕಾಣುತ್ತೆ," ಎಂದರು. ಅವ್ವ ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತಳು.

ಅಪ್ಪ ಇಕ್ಕಳದಿಂದ ಆನೆಯನ್ನು ಎತ್ತಿ ಒಲೆಯ ಕಡೆಗೆ ನಡೆದರು. ಅಕ್ಕ ತಡೆದಳು. "ಸುಡ್ಬೇಡ ಅಪ್ಪ. ಹೊಗೆ ಕಣ್ಣಿಗೆ ಬಂದ್ರೆ?" ಅಪ್ಪ ಹಿತ್ತಲಲ್ಲಿ ಆಳವಾದ ಗುಂಡಿ ತೋಡಿದರು. ಮಣ್ಣು ಬೀಳುವಾಗಲೂ ಆ ಕಪ್ಪು ಮೈ ಹೊಳೆಯುತ್ತಲೇ ಇತ್ತು.

ಅಕ್ಕನ ಕಣ್ಣು ತೆರೆಯಲು ದಿನಗಳೇ ಬೇಕಾದವು. ಬೆರಳುಗಳ ಚರ್ಮ ಸುಲಿದು ಹೊಸದು ಬಂತು. ಮತ್ತೆ ಎಲೆ ಹಿಡಿಯಲಾರಳು ಎಂದುಕೊಂಡಿದ್ದೆವು. ಹಿಡಿದಳು. ಆದರೆ ಪ್ರತಿ ಮರದ ಹೆಸರನ್ನೂ ಕೇಳಿ ತಿಳಿದೇ ಕೈ ಹಾಕುತ್ತಿದ್ದಳು. ಚಿತ್ರದಲ್ಲಿ ಕಪ್ಪು ಬೇಕಾದ ಕಡೆ ರಟ್ಟನ್ನು ಖಾಲಿ ಬಿಡುತ್ತಿದ್ದಳು. ನಿಮಗೆ ಪ್ರತಿ ಹಬ್ಬಕ್ಕೂ ಎಲೆಯ ಗಿಳಿ ಮಾಡಿ ಕಳಿಸುವ ಶಿವಮೊಗ್ಗದ ಅಜ್ಜಿ ಇದ್ದಾಳಲ್ಲ, ಅವಳೇ ನನ್ನ ಅಕ್ಕ.

ಈಗ ಸಿಡುಬು ಈ ಲೋಕದಲ್ಲೇ ಇಲ್ಲ. ನಿಮ್ಮ ಬಣ್ಣಗಳು ಅಂಗಡಿಯಿಂದ ಡಬ್ಬಿಯಲ್ಲಿ ಬರುತ್ತವೆ. ಹೋದ ವರ್ಷ ನಿಮ್ಮಲ್ಲಿ ಚಿಕ್ಕವಳ ಕೈಗೆ ಗುಳ್ಳೆ ಎದ್ದಾಗ ನಿಮ್ಮಮ್ಮ ಫೋನಿನಲ್ಲಿ ಫೋಟೋ ಕಳಿಸಿದಳು, ಡಾಕ್ಟರು ಅಲ್ಲಿಂದಲೇ ಮುಲಾಮು ಹೇಳಿದರು. ಎದುರಿನ ಫ್ಲಾಟಿನವರಿಗೆ ಸುದ್ದಿಯೂ ಗೊತ್ತಾಗಲಿಲ್ಲ. ಅಕ್ಕನಂತೆ ನೀವು ಕತ್ತಲಲ್ಲಿ ಹೆದರಿ ಮಲಗಬೇಕಿಲ್ಲವೆಂದು ನನಗೆ ನೆಮ್ಮದಿ. ಆದರೂ ರಜೆಗೆ ಸಕ್ರೆಬೈಲಿಗೆ ಹೋಗಿ ಎಲೆ ತರುತ್ತೇವೆ ಎಂದು ನೀವು ಕುಣಿಯುವಾಗ ನನ್ನ ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ. ಕಾಲ ಬದಲಾಗಿದೆ, ಕಾಡು ಅದೇ ಕಾಡು. ನಿಮ್ಮ ಫೋನನ್ನು ಎಲೆಯ ಮುಂದೆ ಹಿಡಿದರೆ ಅದು ಮರದ ಹೆಸರು ಹೇಳುತ್ತದಂತೆ. ಹೇಳಲಿ. ಅದು ಹೇಳುವ ತನಕ ಕೈ ಜೇಬಿನಲ್ಲೇ ಇರಲಿ, ಮಕ್ಕಳೇ.