ಟಿವಿ ಒಡೆದದ್ದು ಹೇಗೆಂದು ಬೆರಿಲ್ ಹೇಳಿದ್ದು

ನಮ್ಮ ಪಕ್ಕದ ಮನೆಯ ಬೆರಿಲ್ ಬ್ಲೂರ್ ನಮ್ಮೂರ ಪಿಂಗಾಣಿ ಕಾರ್ಖಾನೆಯಲ್ಲಿ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ. ಭಟ್ಟಿಯಿಂದ ಬಂದ ತಟ್ಟೆ, ಬಟ್ಟಲು, ಕಪ್ಪುಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಅದರ ಸದ್ದು ಕೇಳಿ, ಒಳ್ಳೆಯದನ್ನು ಒಂದು ಕಡೆ ಕೆಟ್ಟದ್ದನ್ನು ಇನ್ನೊಂದು ಕಡೆ ಇಡುವುದು. ನಾನೂ ಅವಳ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡಿದವಳು, ಇಂಗ್ಲೆಂಡಿನ ಈ ನಮ್ಮ ಬರ್ಸ್ಲೆಮ್ ಊರಿನಲ್ಲಿ ಅರ್ಧಕ್ಕರ್ಧ ಹೆಂಗಸರು ಮಾಡಿದವರೇ. ಆದರೆ ಬೆರಿಲಳ ಹಾಗೆ ಯಾರೂ ಮಾಡಲಿಲ್ಲ. ತಟ್ಟೆ ಕಣ್ಣಿಗೆ ಚೆನ್ನಾಗಿದ್ದು, ಸದ್ದು ಮಾತ್ರ ಒಂದಿಷ್ಟು ಮಂಕಾಗಿ ಬಂದರೆ ಸಾಕು, ಪಕ್ಕದ ಡಬ್ಬಕ್ಕೆ ಬಿಸಾಡಿ ಚೂರು ಮಾಡುತ್ತಿದ್ದಳು. ಮೇಸ್ತ್ರಿ ಬಂದು, "ಲಾರಿ ಕಾಯ್ತಾ ಇದೆ, ಇದೊಂದು ಬಿಟ್ಬಿಡಮ್ಮ" ಎಂದು ಗೋಗರೆದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ.

"ಬಿರುಕು ಬಿಟ್ಟಿರೋದನ್ನ ಒಳ್ಳೇದು ಅಂತ ಕಳಿಸಿದ್ರೆ ಅದು ಕಳ್ಳತನ" ಎನ್ನುತ್ತಿದ್ದಳು. "ತೊಗೊಂಡವರ ಮನೇಲಿ ಬಿಸಿ ಟೀ ಹಾಕಿದ ತಕ್ಷಣ ಎರಡಾಗತ್ತೆ. ಕೈ ಸುಟ್ಕೊಳ್ಳೋರು ಯಾರು, ನೀನಾ?"

ಇಂಥವಳು ಮನೆಯ ವಿಷಯ ಬಂದರೆ ಸುಳ್ಳಿನ ಕಂತೆ. ಕಣ್ಣಿನ ಕೆಳಗೆ ನೀಲಿಗಟ್ಟಿದ್ದರೆ ಕಪಾಟಿನ ಬಾಗಿಲು ತಾಗಿತು. ಕೈಗೆ ಪ್ಲಾಸ್ಟರ್ ಬಿದ್ದಿದ್ದರೆ ಮೆಟ್ಟಿಲು ಜಾರಿತು. ಆಸ್ಪತ್ರೆಯ ನರ್ಸಿಗೂ ಅದೇ ಉತ್ತರ, ಚರ್ಚಿನ ಹೆಂಗಸರಿಗೂ ಅದೇ, ನನಗೂ ಅದೇ. "ಅಕಸ್ಮಾತ್ ಆಯ್ತು ಐವಿ." ನಮ್ಮ ಎರಡು ಮನೆಗಳಿಗೂ ನಡುವೆ ಇರುವುದು ಒಂದೇ ಗೋಡೆ. ಅವಳ ಗಂಡ ಕ್ಲಿಫ್ ಕೆಮ್ಮಿದರೆ ನನ್ನ ಅಡುಗೆಮನೆಗೆ ಕೇಳುತ್ತದೆ. ಕಪಾಟಿನ ಬಾಗಿಲು ತಾಗುವ ಮೊದಲು ಯಾರೂ "ಕತ್ತೆ ಮುಂಡೇದೆ" ಎಂದು ಕಿರುಚುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ನನ್ನ ಮನೆಗೆ ಬಂದುಬಿಡು, ಮೇಲಿನ ಕೋಣೆ ಖಾಲಿ ಇದೆ ಎಂದರೆ, "ಇವತ್ತು ಓಟ್ಸ್ ರೊಟ್ಟಿ ಮಾಡಿದೆ, ನಿನಗೆರಡು ತಂದಿದೀನಿ" ಎಂದು ಮಾತು ತಿರುಗಿಸುತ್ತಿದ್ದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕ್ಲಿಫ್‌ನನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು.

ಆ ಬೇಸಿಗೆ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದೆ. ಬೀದಿಯ ಮನೆಮನೆಯಲ್ಲೂ ಒಂದೇ ಸದ್ದು, ಪೆನಾಲ್ಟಿ ಒದೆಯಬೇಕು, ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಕ್ಲಿಫ್‌ನ ದನಿ, "ಅಡ್ಡ ಬರ್ಬೇಡ ಅಂತ ಎಷ್ಟು ಸಲ ಹೇಳ್ಲಿ!" ಆಮೇಲೆ ಏನೋ ಒಡೆದ ಸದ್ದು. ಆಮೇಲೆ ಅವರ ಮನೆಯ ಟಿವಿ ಮಾತ್ರ ಸುಮ್ಮನಾಯಿತು. ನಾನು ಸೋಪಿನ ಕೈಯಲ್ಲೇ ಓಡಿದೆ.

ಬಾಗಿಲು ತೆಗೆದವಳು ಬೆರಿಲ್. ಕೂದಲಲ್ಲಿ ಟೀ ಹನಿ, ಕೈಯಲ್ಲಿ ಟ್ರೇ. ಅವಳ ಹಿಂದೆ ಟಿವಿಯ ನಡುಮಧ್ಯೆ ಮುಷ್ಟಿಯಗಲದ ಕಪ್ಪು ಕಲೆ, ಸುತ್ತ ಜೇಡರಬಲೆಯಂತೆ ಬಿರುಕು. ಟ್ರೇ ಹಿಡಿದು ಟಿವಿಯ ಮುಂದೆ ಹಾದಿದ್ದಾಳೆ, ಅವನು ಕೈಯಲ್ಲಿದ್ದ ಕಪ್ಪನ್ನು ಅವಳ ತಲೆಗೆ ಬೀಸಿದ್ದಾನೆ, ಅವಳು ಬಗ್ಗಿದ್ದಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕಲಿತದ್ದು ಅದೊಂದು, ಸರಿಯಾದ ಹೊತ್ತಿಗೆ ಬಗ್ಗುವುದು.

"ಅಕಸ್ಮಾತ್..." ಎಂದು ಶುರು ಮಾಡಿದಳು.

"ನನ್ನ ಹತ್ರ ಬೇಡ" ಎಂದೆ.

ಮರುದಿನವೇ ಕ್ಲಿಫ್‌ಗೆ ವಿಮೆಯ ನೆನಪಾಯಿತು. ಮನೆ ಬೆರಿಲಳ ತಾಯಿಯದು, ಮನೆವಿಮೆಯೂ ಬೆರಿಲಳ ಹೆಸರಿನಲ್ಲೇ. ಅದರ ಜೊತೆಗೆ, ಕೈತಪ್ಪಿ ಏನಾದರೂ ಒಡೆದರೂ ಪರಿಹಾರ ಸಿಗುವ ಹಾಗೆ ಇನ್ನಷ್ಟು ಹಣ ಕಟ್ಟಿ ಅಕಸ್ಮಾತ್ ಹಾನಿಯ ರಕ್ಷಣೆಯನ್ನೂ ಸೇರಿಸಿದ್ದಳು. ಬೇರೆಯವರ ಮನೆಯಲ್ಲಿ ಅದು ಮಕ್ಕಳ ಚೆಂಡು ಬಡಿದು ಏನಾದರೂ ಒಡೆದೀತೆಂದು ಮಾಡಿಸುವ ವಿಮೆ. ಸೆಮಿಫೈನಲ್ ಹೊತ್ತಿಗೆ ಹೊಸ ಟಿವಿ, ಇದಕ್ಕಿಂತ ದೊಡ್ಡದು, ಗೋಡೆಯ ಮೇಲಿರಬೇಕು ಎಂದು ಕ್ಲಿಫ್ ಲೆಕ್ಕ ಹಾಕಿದ. ಕಂಪನಿಗೆ ಫೋನು ಮಾಡಿದ, ಕಥೆಯನ್ನೂ ಅವನೇ ಕಟ್ಟಿದ.

ಟಿವಿಯ ಮೇಲೆ ಗೋಡೆಯಲ್ಲಿ ಒಂದು ನೀಲಿ ತಟ್ಟೆ ನೇತಾಡುತ್ತಿತ್ತು. ಕಾರ್ಖಾನೆ ಮುಚ್ಚಿದ ದಿನ ಕಡೆಯ ಭಟ್ಟಿಯಲ್ಲಿ ಬಂದ ಮಾಲನ್ನೆಲ್ಲ ತಟ್ಟಿ ನೋಡಿ, ಬೆರಿಲ್ ತನಗೆಂದು ಆರಿಸಿಕೊಂಡ ತಟ್ಟೆ. ಬೆಳ್ಳಿಯ ಗಂಟೆಯ ಹಾಗೆ ಸದ್ದು ಮಾಡುತ್ತದೆ. ಕ್ಲಿಫ್ ಬೆರಿಲಳಿಗೆ ಹೇಳಿಕೊಟ್ಟದ್ದು ಇಷ್ಟು: ಮೊಳೆ ಸಡಿಲವಾಗಿತ್ತು, ನೀನು ಧೂಳು ಹೊಡೆಯುವಾಗ ತಟ್ಟೆ ಜಾರಿ ಟಿವಿಗೆ ಬಿತ್ತು. ಅದನ್ನು ಒಡೆದು ಚೂರುಗಳನ್ನು ಕೆಳಗೆ ಹರಡಿಟ್ಟಿರು. ನಾನು ಹೇಳಿದ್ದಕ್ಕೆ ತಲೆಯಾಡಿಸು, ಅಷ್ಟೇ ನಿನ್ನ ಕೆಲಸ.

ವಿಮೆಯವನು ಬರುವ ಬೆಳಿಗ್ಗೆ ಬೆರಿಲ್ ಬೇಲಿಯ ಹತ್ತಿರ ಬಂದು, "ನೀನು ಬಂದು ಕೂತಿರು ಐವಿ. ಜನ ಇದ್ರೆ ಅವನು ಕೈ ಎತ್ತಲ್ಲ" ಎಂದಳು. ಅಷ್ಟು ನೇರವಾಗಿ ಅವಳು ನನ್ನ ಹತ್ತಿರ ಎಂದೂ ಹೇಳಿರಲಿಲ್ಲ.

ಹೋಗಿ ನೋಡಿದರೆ ಮನೆ ಫಳಫಳ. ಹೊರಗಿನವರು ಬರುತ್ತಾರೆಂದರೆ ಮನೆ ತೊಳೆಯದೆ ಇರುವುದು ನಮ್ಮ ಬೀದಿಯ ಹೆಂಗಸರಿಗೆ ಸಾಧ್ಯವಿಲ್ಲ. ಪಾಯಿಖಾನೆ ರಿಪೇರಿಗೆ ಬರುವವನಿಗೂ ಮೊದಲು ಪಾಯಿಖಾನೆ ತೊಳೆದಿಡುವ ಜಾತಿ ನಾವು. ಬೆರಿಲ್ ಜಮಖಾನೆ ಗುಡಿಸಿದ್ದಳು, ಟೀ ಕಲೆ ಒರೆಸಿದ್ದಳು, ಒಡೆದ ಟಿವಿಯ ಚೌಕಟ್ಟಿಗೂ ಪಾಲಿಶ್ ಹಾಕಿದ್ದಳು. ನೀಲಿ ತಟ್ಟೆ ತೊಳೆಸಿಕೊಂಡು, ಒರೆಸಿಕೊಂಡು, ಮೊದಲಿನ ಜಾಗದಲ್ಲೇ ಇಡಿಯಾಗಿ ನೇತಾಡುತ್ತಿತ್ತು.

ಕ್ಲಿಫ್ ಮೇಲಿನಿಂದ ಇಳಿದು ಬಂದವನು ಅದನ್ನು ನೋಡಿದ.

"ಒಡಿ ಅಂದಿದ್ದೆ" ಎಂದ. ದನಿ ಏರಿಸಲಿಲ್ಲ. ಅವನು ದನಿ ಏರಿಸದಿದ್ದಾಗಲೇ ನನಗೆ ಹೆಚ್ಚು ಭಯ.

"ಚೆನ್ನಾಗಿರೋ ತಟ್ಟೇನ ನಾನು ಒಡೆಯಲ್ಲ ಕ್ಲಿಫ್."

ಅವನು ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. ನಾನು ಕುರ್ಚಿಯಿಂದ ಎದ್ದೆ. ಎದ್ದು ಏನು ಮಾಡುತ್ತಿದ್ದೆನೋ ದೇವರೇ ಬಲ್ಲ, ಮೊಣಕಾಲು ನೋವಿನ ಮುದುಕಿ. ಅಷ್ಟರಲ್ಲಿ ಕರೆಗಂಟೆ ಹೊಡೆಯಿತು.

ವಿಮೆಯವನ ಹೆಸರು ಲೊವಾಟ್. ನಡುವಯಸ್ಸಿನ, ಸಣಕಲು, ಬಾಗಿಲಲ್ಲೇ ಬೂಟು ಒರೆಸಿ ಒರೆಸಿ ಒಳಗೆ ಬಂದ ಮನುಷ್ಯ. ಬೆರಿಲ್ ಟೀ ಕೊಟ್ಟಳು. ಅವನು ಕಪ್ಪನ್ನು ತಲೆಯ ಮೇಲಕ್ಕೆತ್ತಿ ಅಡಿಯಲ್ಲಿ ಯಾವ ಕಾರ್ಖಾನೆಯ ಮುದ್ರೆ ಇದೆ ಎಂದು ನೋಡಿ, ಆಮೇಲೆ ಕುಡಿದ. ನಮ್ಮೂರಿನವನೇ. ಬೇರೆ ಊರಿನವರು ಹಾಗೆ ಮಾಡುವುದಿಲ್ಲ.

"ತಟ್ಟೆ ಬಿದ್ದು ಒಡೀತು ಅಂತ ಫೋನಲ್ಲಿ ಹೇಳಿದ್ರಿ" ಎಂದ. "ಯಾವ ತಟ್ಟೆ?"

ನಾವು ನಾಲ್ವರೂ ತಲೆ ಎತ್ತಿ ಗೋಡೆ ನೋಡಿದೆವು.

"ಅದೇ" ಎಂದ ಕ್ಲಿಫ್. ಒಂದು ಗಳಿಗೆಯೂ ತಡವರಿಸಲಿಲ್ಲ. "ಬಿತ್ತು, ಟಿವಿ ಹೋಯ್ತು, ತಟ್ಟೆಗೆ ಏನೂ ಆಗ್ಲಿಲ್ಲ. ನಮ್ಮೂರಿನ ಮಾಲು ಸ್ವಾಮಿ! ಈ ಟಿವಿ ಎಲ್ಲಿ ಮಾಡಿದ್ದೋ ಏನೋ."

ಲೊವಾಟ್ ನಕ್ಕುಬಿಟ್ಟ. ಮುಗಿಯಿತು ಎಂದುಕೊಂಡೆ. ಇವನು ನಂಬುತ್ತಾನೆ, ಟಿವಿ ಬರುತ್ತದೆ, ಇನ್ನೊಂದು ಕಪ್ಪು ಹಾರುತ್ತದೆ, ಆಗ ಅವಳು ಬಗ್ಗುವುದು ತಡವಾಗುತ್ತದೆ. ಲೊವಾಟ್ ಟಿವಿಯ ಫೋಟೋ ತೆಗೆದುಕೊಂಡ, ಮೊಳೆ ಅಲ್ಲಾಡಿಸಿ ನೋಡಿದ. ಕ್ಲಿಫ್ ಮೊದಲೇ ಅದನ್ನು ಸಡಿಲಿಸಿದ್ದ, ಅಲ್ಲಾಡಿತು. ಲೊವಾಟ್ ಮತ್ತೆ ಕೂತು ಫೋನನ್ನು ಮೇಜಿನ ಮೇಲಿಟ್ಟ.

"ವಿಮೆ ಇರೋದು ನಿಮ್ಮ ಹೆಸರಲ್ಲಿ ಅಮ್ಮಾ. ಏನಾಯ್ತು ಅಂತ ನಿಮ್ಮ ಬಾಯಲ್ಲೇ ಒಂದ್ಸಲ ಹೇಳ್ಬೇಕು, ಇದರಲ್ಲಿ ರೆಕಾರ್ಡ್ ಮಾಡ್ಕೋತೀನಿ. ಎರಡು ಮಾತು ಸಾಕು."

"ಹೇಳ್ತಾಳೆ" ಎಂದ ಕ್ಲಿಫ್. ಅವಳ ಕುರ್ಚಿಯ ಹಿಂದೆ ಬಂದು ನಿಂತು ಅವಳ ಹೆಗಲ ಮೇಲೆ ಕೈ ಇಟ್ಟ. ನೋಡುವವರಿಗೆ ಪ್ರೀತಿಯ ಗಂಡ. ನನಗೆ ಅವನ ಹೆಬ್ಬೆರಳು ಕಾಣುತ್ತಿತ್ತು, ಅವಳ ಕುತ್ತಿಗೆಯ ಪಕ್ಕದಲ್ಲಿ ಒತ್ತಿ ಉಗುರು ಬೆಳ್ಳಗಾಗಿತ್ತು.

ಬೆರಿಲ್ ಫೋನನ್ನೇ ನೋಡುತ್ತಿದ್ದಳು. "ಏನಂತ ಹೇಳ್ಬೇಕು?"

"ಅಕಸ್ಮಾತ್ ಆಯ್ತು ಅಂತ" ಎಂದ ಕ್ಲಿಫ್.

"ಅಕಸ್ಮಾತ್ ಅಂದ್ರೆ, ನಿಮ್ಮ ಕಂಪನಿ ಲೆಕ್ಕದಲ್ಲಿ ಏನಪ್ಪ?" ಎಂದು ಅವಳು ವಿಮೆಯವನನ್ನು ಕೇಳಿದಳು.

ಲೊವಾಟ್‌ಗೆ ಇದನ್ನು ದಿನಕ್ಕೆ ಹತ್ತು ಸಲ ಹೇಳಿ ರೂಢಿ ಇರಬೇಕು. "ಯಾರೂ ಬೇಕಂತ ಮಾಡಿರ್ಬಾರ್ದು ಅಮ್ಮಾ. ಯಾರ ಮನಸ್ಸಲ್ಲೂ ಇಲ್ದೆ, ಇದ್ದಕ್ಕಿದ್ದ ಹಾಗೆ ಆಗಿರ್ಬೇಕು."

ಬೆರಿಲ್ ತನ್ನ ಮುಂದಿದ್ದ ಟೀ ಬಸಿಯ ಅಂಚನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು. ಬೇಕೆಂದು ತಟ್ಟಿದ್ದಲ್ಲ, ಯೋಚನೆ ಬಂದಾಗ ಅವಳ ಕೈ ಹಾಗೆ ಮಾಡುತ್ತದೆ. ಕಾರ್ಖಾನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತವಳಿಗೆ ಆ ಮುಖ ಗೊತ್ತು. ಲಾರಿ ಕಾಯುತ್ತಿದೆ, ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದಾನೆ, ಅವಳು ಮಾತ್ರ ಸದ್ದು ಕೇಳುತ್ತಿದ್ದಾಳೆ.

"ಬೇಗ ಹೇಳು, ಅವರಿಗೂ ಬೇರೆ ಕೆಲಸ ಇದೆ" ಎಂದ ಕ್ಲಿಫ್.

"ಇಲ್ಲಪ್ಪ" ಎಂದಳು ಬೆರಿಲ್. "ನಾನು ಹಾಗೆ ಹೇಳಿದ್ರೆ ನಿಮಗೆ ಮೋಸ ಮಾಡಿದ ಹಾಗಾಗತ್ತೆ. ತಟ್ಟೆ ಬೀಳ್ಲಿಲ್ಲ. ಇವನು ಕಪ್ ಎಸೆದ."

ಕ್ಲಿಫ್ ಜೋರಾಗಿ ನಕ್ಕ. "ನೋಡಿ ಸ್ವಾಮಿ, ಇವಳಿಗೆ ವಯಸ್ಸಾಯ್ತು. ಯಾರಾದ್ರೂ ಬೇಕಂತ ಸ್ವಂತ ಟಿವಿಗೆ ಕಪ್ ಎಸೀತಾರಾ? ಅದೂ ಪೆನಾಲ್ಟಿ ಹೊತ್ತಲ್ಲಿ? ನಾನೇನು ಟಿವಿಗೆ ಗುರಿ ಇಟ್ಟಿದ್ನಾ?"

ಹೇಳಿದ ಮೇಲೆ ಅವನಿಗೇ ಗೊತ್ತಾಯಿತು. ಲೊವಾಟ್ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟ.

"ಮತ್ತೆ ಯಾರಿಗೆ?" ಎಂದು ಕೇಳಿದ.

ಕ್ಲಿಫ್ ಬಾಗಿಲ ಕಡೆ ನೋಡಿದ.

"ನನಗೆ" ಎಂದಳು ಬೆರಿಲ್. "ನಾನು ಬಗ್ಗಿದೆ. ಟಿವಿ ನನ್ನ ಹಿಂದೆ ಇತ್ತು. ಕೈ ಮುರಿದಿದ್ದೂ ಮೆಟ್ಟಿಲಿಂದ ಅಲ್ಲ. ಅದು ನಿಮ್ಮ ವಿಮೆಗೆ ಬರಲ್ಲ, ಆದ್ರೂ ಹೇಳಿದೀನಿ. ಮಷೀನ್ ಹೇಗೂ ಓಡ್ತಾ ಇದೆಯಲ್ಲ."

ಕ್ಲಿಫ್‌ನ ಕೈ ಅವಳ ಹೆಗಲ ಮೇಲೇ ಇತ್ತು. ಅದು ಏನು ಮಾಡುತ್ತದೋ ಎಂದು ನಾನು ನೋಡುತ್ತಿದ್ದೆ, ಲೊವಾಟ್ ನೋಡುತ್ತಿದ್ದ. ಬೆರಿಲ್ ಒಬ್ಬಳೇ ನೋಡಲಿಲ್ಲ. ಕುಲುಮೆಯ ತಿದಿಯಂತೆ ಕ್ಲಿಫ್ ಎದೆ ಏರಿಳಿಯುತ್ತಿತ್ತು. ಆ ಸಣಕಲು ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ಅವನು ಎದ್ದು ಹೋಗಬಹುದಿತ್ತು, ಇಷ್ಟು ವರ್ಷ ಬೇರೆಯವರೆಲ್ಲ ಹಾಗೇ ಎದ್ದು ಹೋಗಿದ್ದರು. ಅವನು ಫೋನನ್ನು ಮೇಜಿನಿಂದ ಎತ್ತಿ ಕ್ಲಿಫ್‌ಗೆ ಕಾಣುವ ಹಾಗೆ ಕೈಯಲ್ಲಿ ಹಿಡಿದುಕೊಂಡು, ಖಾಲಿ ಕಪ್ಪನ್ನು ನನ್ನ ಕಡೆ ಚಾಚಿ, "ತೊಂದ್ರೆ ಇಲ್ಲ ಅಂದ್ರೆ ಇನ್ನೊಂದು ಕಪ್ ಟೀ ಸಿಗುತ್ತಾ? ನನಗೇನೂ ಅವಸರ ಇಲ್ಲ" ಎಂದ.

ಕ್ಲಿಫ್ ಕೈ ತೆಗೆದ. "ಮನೆ ಮರ್ಯಾದೆ ತೆಗೆದೆಯಲ್ಲೇ" ಎಂದು ಹೇಳಿ, ಬಾಗಿಲು ಬಡಿದುಕೊಂಡು ಬೀದಿಗೆ ಹೋದ. ಮೂಲೆಯ ಪಬ್ಬಿನಲ್ಲಿ ದೊಡ್ಡ ಟಿವಿ ಇತ್ತು.

"ಪೊಲೀಸಿಗೆ ನಾನೇ ಫೋನ್ ಮಾಡ್ಲಾ ಅಮ್ಮಾ?" ಎಂದು ಲೊವಾಟ್ ಕೇಳಿದ.

"ಮೊದ್ಲು ಐವಿ ಮನೆಗೆ ಹೋಗ್ತೀನಿ. ಅಲ್ಲಿಂದ ನಾನೇ ಮಾಡ್ತೀನಿ" ಎಂದಳು. ಕುರ್ಚಿ ಹತ್ತಿ ನೀಲಿ ತಟ್ಟೆಯನ್ನು ಇಳಿಸಿಕೊಂಡಳು, ಪತ್ರಿಕೆಯಲ್ಲಿ ಸುತ್ತಿದಳು, ಕೋಟು ಹಾಕಿಕೊಂಡಳು. ಹೊರಡುವ ಮೊದಲು ನಮ್ಮ ಮೂವರ ಟೀ ಕಪ್ಪುಗಳನ್ನೂ ತೊಳೆದಿಟ್ಟಳು. ನನಗೆ ಅಳು, ನಗು, ಸಿಟ್ಟು ಎಲ್ಲ ಒಟ್ಟಿಗೇ ಬಂತು. "ಬಿಟ್ಟು ಬಾರೇ ಮಾರಾಯ್ತಿ" ಎಂದು ಕೈ ಹಿಡಿದು ಎಳೆದುಕೊಂಡು ಬಂದೆ.

ಕಂಪನಿಯ ಫೋನು ಬಂದಾಗ ಸೆಮಿಫೈನಲ್ ಮುಗಿದಿತ್ತು. ಬೆರಿಲ್ ನನ್ನ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದಳು. ಕೈ ಒದ್ದೆಯಾಗಿದೆಯೆಂದು ನಾನೇ ಫೋನನ್ನು ಅವಳ ಕಿವಿಗೆ ಹಿಡಿದೆ. ಆಚೆ ಒಬ್ಬ ಚಿಕ್ಕ ಹುಡುಗಿ, ಬೈಸಿಕೊಳ್ಳಲು ಸಿದ್ಧವಾದ ದನಿ.

"ಕ್ಷಮಿಸಿ ಮೇಡಂ, ನಿಮ್ಮ ಟಿವಿಗೆ ಪರಿಹಾರ ಕೊಡೋಕೆ ಆಗಲ್ಲ. ಅದು ಅಕಸ್ಮಾತ್ ಆಗಿದ್ದಲ್ಲ ಅಂತ ತೀರ್ಮಾನ ಆಗಿದೆ."

ಬೆರಿಲಳ ಕೈಯಲ್ಲಿ ಚಾಕು ನಿಂತಿತು. "ಇನ್ನೊಂದ್ಸಲ ಹೇಳ್ತೀಯಾಮ್ಮ?"

ಕಿವಿ ಮಂದವೆಂದುಕೊಂಡಿತೋ ಏನೋ, ಹುಡುಗಿ ಬಿಡಿಸಿ ಬಿಡಿಸಿ ಜೋರಾಗಿ ಹೇಳಿತು. "ಅಕಸ್ಮಾತ್ ಅಲ್ಲ ಮೇಡಂ. ನಿಮ್ಮನ್ನ ಹೊಡೀಬೇಕು ಅಂತಲೇ ಎಸೆದಿದ್ದು. ಅದಕ್ಕೇ."

"ಹೌದು" ಎಂದಳು ಬೆರಿಲ್. "ಹೌದು ಕಣಮ್ಮ. ತುಂಬಾ ಉಪಕಾರ ಆಯ್ತು."

ಫೋನು ಇಟ್ಟ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ ಐವಿ?"

"ಕೇಳಿಸ್ಕೊಂಡೆ."

ಮೂಳೆ ಮುರಿದಾಗಲೂ ಅಳದಿದ್ದವಳು ಆಲೂಗೆಡ್ಡೆಯ ಬೋಗುಣಿ ಪಕ್ಕಕ್ಕಿಟ್ಟು, ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.