ಕುಸುಮಾವತಿಯ ಜಗಲಿಯಲ್ಲಿ ಓಣಂ

ಕುಸುಮಾವತಿಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆಕೆ ಮೆಲ್ಲಗೆ ಮಾತಾಡತೊಡಗಿದಳೆಂದರೆ ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ೧೯೭೦ರ ಓಣಂ ತಿಂಗಳಲ್ಲಿ ಆಕೆ ಹನ್ನೊಂದು ದಿನ ಹಾಗೆ ಮೆಲ್ಲಗೆ ಮಾತಾಡಿದಳು.

ತೃಶ್ಶಿಲೇರಿ ಕಡೆಯ ಜೈನ ಜಮೀನ್ದಾರ ಆದಿರಾಜ ಗೌಡರ ಒಬ್ಬಳೇ ಮಗಳು ಆಕೆ. ಊರಿನ ವಾಚನಾಲಯಕ್ಕೆ ಪತ್ರಿಕೆ ಓದಲು ಹೋಗುತ್ತಿದ್ದವಳು, ತಲಶ್ಶೇರಿಯಿಂದ ಬಂದ ದಾಮೋದರನ್ ಎಂಬ ತೀಯ್ಯ ಜಾತಿಯ ಶಾಲಾ ಮಾಷನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾಗಿಬಿಟ್ಟಳು. ಗೌಡರು ನಾಲ್ಕು ವರ್ಷ ಮಗಳ ಹೊಸ್ತಿಲು ತುಳಿಯಲಿಲ್ಲ. ಅತ್ತೆ ಕುಞ್ಞಮ್ಮ ಮಾತ್ರ ಸೊಸೆಯನ್ನು ತಿಂಗಳೊಳಗೆ ತನ್ನವಳಾಗಿ ಮಾಡಿಕೊಂಡರು. ಓಣಂಗೆ ಮೀನಿಲ್ಲದೆ ಎಲೆ ಹಾಕದ ಕಡೆಯಿಂದ ಬಂದವರು ಅವರು. ಸೊಸೆಗಾಗಿ ಅಂದು ಮನೆಗೆ ಮೀನು ತರುವುದನ್ನೇ ಬಿಟ್ಟರು. ಓಣಂ ಬರುವ ಹೊತ್ತಿಗೇ ಕುಸುಮಾವತಿಗೆ ಜೈನರ ದಶಲಕ್ಷಣದ ವ್ರತ, ದಿನಕ್ಕೊಂದು ಧರ್ಮವನ್ನು ನೆನೆಯುವ ಹತ್ತು ದಿನ ಒಂದೇ ಹೊತ್ತಿನ ಊಟ. ಗೆಡ್ಡೆ ಮುಟ್ಟುವಂತಿಲ್ಲ. ಆಕೆಗೆಂದೇ ಸುವರ್ಣಗೆಡ್ಡೆ ಹಾಕದ ಅವಿಯಲ್ ಬೇರೆ ಪಾತ್ರೆಯಲ್ಲಿ ಬೇಯುತ್ತಿತ್ತು.

ಆ ವರ್ಷ ಊರು ಊರಾಗಿರಲಿಲ್ಲ. ಚಳಿಗಾಲದಲ್ಲಿ ನಕ್ಸಲರು ಕಾಡಿನಿಂದಿಳಿದು ಜಮೀನ್ದಾರರ ಮನೆಗಳಿಗೆ ನುಗ್ಗಿದ ಮೇಲೆ ಎಲ್ಲೆಲ್ಲೂ ಪೊಲೀಸ್ ಕ್ಯಾಂಪು. ಅಡಿಯ ಬುಡಕಟ್ಟಿನ ನಾಲ್ಕು ಮಂದಿ ಒಂದು ಮರದ ಕೆಳಗೆ ಕೂತರೆ ಅದು ಗುಪ್ತ ಸಭೆ. ಅಡಿಯರ ವೆಳ್ಳನ್ ಹುಟ್ಟಿನಿಂದ ಆದಿರಾಜ ಗೌಡರ ಗದ್ದೆಯಲ್ಲಿ ದುಡಿದವನು, ಅವನಪ್ಪನೂ ಹಾಗೆಯೇ. ಜಾತ್ರೆಯಲ್ಲಿ ವರ್ಷದ ಭತ್ತಕ್ಕೆ ತಲೆಬಾಗಿ ಮುಂದಿನ ಜಾತ್ರೆಯವರೆಗೆ ಒಬ್ಬ ಒಡೆಯನ ಆಳಾಗುವುದು ಅವರ ಪಾಡು. ಆ ಸಲ ವೆಳ್ಳನ್ ತಲೆಬಾಗಲಿಲ್ಲ. "ದಿನಗೂಲಿಗೆ ಹೋಗ್ತೇನೆ" ಎಂದು ಹೊರಟುಬಂದ. ಅಷ್ಟಕ್ಕೇ ಅವನ ಹೆಸರು ಪೊಲೀಸರ ಕಿವಿಗೆ ಬಿತ್ತು.

ಓಣಂಗೆ ವೆಳ್ಳನ್, ಅವನ ಹೆಂಡತಿ, ಎರಡು ಮಕ್ಕಳನ್ನು ಊಟಕ್ಕೆ ಕರೆದದ್ದು ಕುಸುಮಾವತಿಯೇ. ಕುಞ್ಞಮ್ಮ ತಡವರಿಸಿದರು.

"ಕರೆದದ್ದು ಒಳ್ಳೇದೇ ಮಗಳೇ. ಆದ್ರೆ ಎಲೆ ಅಂಗಳದಲ್ಲಿ ಹಾಕಿದ್ರೆ ಸಾಲದಾ?"

"ಅಮ್ಮಾ, ಸಣ್ಣವರಿದ್ದಾಗ ತಂಬುರಾನ್ ಒಡೆಯರ ಮನೆ ಓಣಂಗೆ ನಿಮ್ಮನ್ನ ಎಲ್ಲಿ ಕೂರಿಸ್ತಿದ್ರು ಅಂತ ನೀವೇ ಹೇಳಿದ್ದಲ್ವಾ?"

ಕುಞ್ಞಮ್ಮ ತಾವೇ ಜಗಲಿ ಗುಡಿಸಿ ಚಾಪೆ ಹಾಸಿದರು.

ಅನ್ನ ಬಡಿಸಿ ಪರಿಪ್ಪಿನ ತೊವ್ವೆ ಹಾಕುವ ಹೊತ್ತಿಗೆ ಜೀಪು ಬಂತು. ಬೂಟುಗಾಲುಗಳು ಅಂಗಳದ ಹೂವಿನ ರಂಗೋಲಿಯ ಮೇಲೆಯೇ ನಡೆದು ಬಂದವು.

"ಯಾರು ಕರೆದ ಮೀಟಿಂಗಿದು?" ಎಂದ ಎಸ್ಸೈ.

"ಮೀಟಿಂಗಲ್ಲ. ಓಣಂ," ಎಂದಳು ಕುಸುಮಾವತಿ.

"ಗೌಡರ ಮಗಳಿಗೆ ಎಂಥದ್ದು ಓಣಂ?"

"ನನ್ನ ಮನೆಯಲ್ಲಿ ಯಾವ ಹಬ್ಬ ಅಂತ ನಿಮ್ಮನ್ನ ಕೇಳಿ ಮಾಡಬೇಕಾ?"

ಒಬ್ಬ ಕಾನ್‌ಸ್ಟೇಬಲ್ ವೆಳ್ಳನನ್ನು ರಟ್ಟೆ ಹಿಡಿದು ಎಬ್ಬಿಸಿದ. ಕಲಸಿದ ತುತ್ತು ಅವನ ಕೈಯಲ್ಲೇ ಇತ್ತು. ತಡೆಯಲು ಹೋದ ಮಾಷನ್ನೂ ಜೀಪಿಗೆ ಹತ್ತಿಸಿದರು. ಮಕ್ಕಳು ಅಳುವುದಕ್ಕೂ ಹೆದರಿ ಎಲೆಯ ಮುಂದೆ ಕಲ್ಲಿನಂತೆ ಕೂತಿದ್ದವು. ಕುಞ್ಞಮ್ಮ ಅವರ ಪಕ್ಕದಲ್ಲೇ ಕುಕ್ಕರಿಸಿ, "ಉಣ್ಣಿ ಮಕ್ಕಳೇ, ಉಣ್ಣಿ" ಎನ್ನುತ್ತ ತುತ್ತು ಮಾಡಿ ಕೊಡತೊಡಗಿದರು. ಕುಸುಮಾವತಿ ಚಪ್ಪಲಿ ಮೆಟ್ಟಿ ಹೊರಟಳು. ಆ ದಿನದ ಒಂದು ಹೊತ್ತಿನ ಊಟವೂ ಆಗಿರಲಿಲ್ಲ.

ಮೂರು ಮೈಲಿ ನಡೆದು ಕ್ಯಾಂಪಿನ ಮೆಟ್ಟಿಲ ಮೇಲೆ ಕೂತಳು. ಎದ್ದುಹೋಗು ಎಂದರೂ ಏಳಲಿಲ್ಲ. ಸಂಜೆಗೆ ಹೆಡ್‌ಮಾಷ್ಟರು ಬಂದು ಸಹಿ ಹಾಕಿದ ಮೇಲೆ ದಾಮೋದರನನ್ನು ಬಿಟ್ಟರು.

"ವೆಳ್ಳನ್?" ಎಂದು ಕೇಳಿದಳು.

"ಅವನು ತನ್ನ ಆಳು ಅಂತ ನಿನ್ನ ಅಪ್ಪ ಬಂದು ಹೇಳಲಿ, ಬಿಡ್ತೇವೆ. ಒಡೆಯನಿಲ್ಲದ ಅಡಿಯ ಅಂದ್ರೆ ನಕ್ಸಲನೇ," ಎಂದ ಎಸ್ಸೈ.

ಮರುದಿನ ಬೆಳಿಗ್ಗೆ ಕುಸುಮಾವತಿ ನಾಲ್ಕು ವರ್ಷಗಳ ಬಳಿಕ ತವರಿನ ಮೆಟ್ಟಿಲು ಹತ್ತಿದಳು. ಆದಿರಾಜ ಗೌಡರು ಪೂಜೆ ಮುಗಿಸಿ, ಮಡಿಯಲ್ಲೇ ಕೂತು ಪುಸ್ತಕ ಮುಚ್ಚುತ್ತಿದ್ದರು. ಮಗಳನ್ನು ಕಂಡು ಅವರ ಮುಖ ಅರಳಿದ್ದು ನಿಜ. ಆಕೆ ನಡೆದದ್ದೆಲ್ಲ ಹೇಳಿದಳು.

"ಹೇಳ್ತೇನೆ, ಅದಕ್ಕೇನಂತೆ," ಎಂದರು ಗೌಡರು. "ನಾಳೆಯಿಂದ ಅವ ನನ್ನ ಗದ್ದೆಗೆ ಇಳೀಬೇಕು, ಅಷ್ಟೇ. ನನ್ನ ಆಳು ಅಂತ ಸುಳ್ಳು ಹೇಳ್ಲಿಕ್ಕೆ ಆಗ್ತದಾ ಮಗಾ, ವ್ರತದ ದಿನ?"

ಕುಸುಮಾವತಿಯ ಧ್ವನಿ ಪಿಸುಮಾತಿನಷ್ಟಾಯಿತು.

"ಇವತ್ತು ಯಾವ ಧರ್ಮದ ದಿನ ಅಪ್ಪಾ?"

"ಒಂಬತ್ತನೇದು. ಆಕಿಂಚನ್ಯ."

"ನನ್ನದು ಅನ್ನೋದು ಯಾವುದೂ ಇಲ್ಲ ಅಂತ ಈಗಷ್ಟೇ ಓದಿದ್ರಿ. ಓದಿದ ಬಾಯಿಯಲ್ಲೇ ಒಬ್ಬ ಮನುಷ್ಯನನ್ನ ನನ್ನದು ಅಂತೀರಲ್ಲ. ಇರುವೆ ಸತ್ತೀತು ಅಂತ ನೆಲ ನೋಡಿ ನಡೀತೀರಿ. ಅಲ್ಲಿ ಅವನ ಕೈ ಮುರೀತಾ ಇದ್ದಾರೆ, ಅದು ಹಿಂಸೆಯಲ್ವಾ?"

"ಬಾಯಿ ಮುಚ್ಚು. ಈ ಮನೆಯ ಹಬ್ಬ ಬಿಟ್ಟು ಹೋದವಳು ನನಗೆ ಧರ್ಮ ಹೇಳಬೇಡ."

"ನಾನು ಒಂದೂ ಬಿಟ್ಟಿಲ್ಲ ಅಪ್ಪಾ. ಇವತ್ತೂ ಉಪವಾಸ ಇದ್ದೇನೆ."

ನೀರನ್ನೂ ಕುಡಿಯದೆ ಹೊರಬಂದಳು. ಮಾಷನ ಜೊತೆ ಬಸ್ಸು ಹಿಡಿದು ಮಾನಂತವಾಡಿಗೆ ಹೋಗಿ ವಕೀಲರನ್ನು ಕಂಡಳು. ಅರ್ಜಿ ಬರೆಸಿದಳು. ಅದು ಆಗಲಿಲ್ಲವೆಂದಾಗ ಇನ್ನೊಂದು ಬರೆಸಿದಳು.

ದಶಲಕ್ಷಣ ಮುಗಿದು ಕ್ಷಮಾವಣಿ ಬಂತು. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಅಂದು ಆದಿರಾಜ ಗೌಡರು ಮಗಳ ಅಂಗಳಕ್ಕೆ ಬಂದು ನಿಂತರು. ಬಿಳಿ ಪಂಚೆ, ಮುಗಿದ ಕೈ. ಕುಞ್ಞಮ್ಮ ಗಾಬರಿಯಿಂದ ಕುರ್ಚಿ ತಂದರು. ಗೌಡರು ಕೂರಲಿಲ್ಲ.

"ನನ್ನಿಂದ ನಿನಗೆ ನೋವಾಗಿದ್ರೆ ಕ್ಷಮಿಸು ಮಗಳೇ."

ಈ ಒಂದು ಮಾತಿಗಾಗಿ ಆಕೆ ನಾಲ್ಕು ವರ್ಷ ದಾರಿ ಕಾದವಳು. ಆದರೂ ಹೇಳಿದಳು:

"ನನಗಲ್ಲ ಅಪ್ಪಾ. ಲಾಕಪ್ಪಿಗೆ ಹೋಗಿ ವೆಳ್ಳನಿಗೆ ಹೇಳಿ."

"ಆಳಿನ ಮುಂದೆ ನಾನು ಕೈ ಮುಗಿಯೋದಾ?"

"ಹಾಗಾದ್ರೆ ನನ್ನ ಮುಂದೆಯೂ ಬೇಡ."

ಗೌಡರು ಮುಗಿದ ಕೈ ಇಳಿಸಿ ನಡೆದುಹೋದರು. ಕುಸುಮಾವತಿ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಕುಞ್ಞಮ್ಮ ಹೊರಗೆ ಕಾದು ನಿಂತರೇ ಹೊರತು ಬಾಗಿಲು ಬಡಿಯಲಿಲ್ಲ.

ಹಿಡಿದೊಯ್ದ ಹನ್ನೊಂದನೆಯ ದಿನ ಕೋರ್ಟಿನಲ್ಲಿ ವೆಳ್ಳನನ್ನು ಬಿಟ್ಟರು, ಕೇಸಿಲ್ಲದೆ. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಯಾವ ಕಾಗದದಲ್ಲೂ ಬರೆಯಲಿಲ್ಲ. ಅವನು ಗೌಡರ ಗದ್ದೆಗೆ ಮರಳಲಿಲ್ಲ. ಬಾವಲಿ ಕಡೆ ಕಾಡಿನ ಕೂಲಿಗೆ ಹೋದ. ಆ ಬೆರಳುಗಳ ನೆನಪಾದಾಗಲೆಲ್ಲ ಕುಸುಮಾವತಿಗೆ ಮೈ ಉರಿಯುತ್ತಿತ್ತು. ಅಪ್ಪ ಮತ್ತೆಂದೂ ಬರಲಿಲ್ಲ. ಆಕೆಯೂ ಕರೆಯಲಿಲ್ಲ.

ಮರುವರ್ಷದ ಓಣಂಗೆ ಎರಡು ದಿನ ಮೊದಲು ಒಬ್ಬ ಕಾನ್‌ಸ್ಟೇಬಲ್ ಪುಸ್ತಕ ಹಿಡಿದು ಬಂದ.

"ಊಟಕ್ಕೆ ಯಾರು ಯಾರು ಬರ್ತಾರೆ ಅಂತ ಬರ್ಕೊಂಡು ಹೋಗ್ಲಿಕ್ಕೆ ಹೇಳಿದ್ದಾರೆ."

"ಬರ್ಕೊಳ್ಳಿ," ಎಂದಳು ಕುಸುಮಾವತಿ. "ವೆಳ್ಳನ್, ಅವನ ಹೆಂಡತಿ, ಎರಡು ಮಕ್ಕಳು."

"ಏನಾಗಬೇಕು ಅವರು ನಿಮಗೆ?"

ಒಳಗಿನಿಂದ ಕುಞ್ಞಮ್ಮನೇ ಕೂಗಿ ಹೇಳಿದರು: "ನೆಂಟರು ಅಂತ ಬರಿ! ಹಬ್ಬಕ್ಕೆ ಬರುವವರು ಮತ್ತೇನಾಗ್ತಾರೆ?"

ಅವನು ತಲೆ ತಗ್ಗಿಸಿ ಬರೆದುಕೊಂಡ.