ದೋಣಿಯಂತೆ ತುಂಬಿದ ಚೀಲ

ಹೊಸ ಬೆನ್ನಚೀಲವೊಂದಕ್ಕೆ ಎಷ್ಟು ಜಿಪ್ಪುಗಳಿರುತ್ತವೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಕಾರವಾರದ ಪೇಟೆಯಿಂದ ತಂದ ಚೀಲವನ್ನು ಮಂಚದ ಮೇಲೆ ಕೆಡವಿಕೊಂಡು, ಅವನ್ನೆಲ್ಲ ಒಮ್ಮೆ ಎಳೆದು ಮುಚ್ಚುವಷ್ಟರಲ್ಲೇ ಗುಡ್ಡ ಹತ್ತಿಳಿದವಳಂತೆ ಸುಸ್ತಾಗಿ ಕುಳಿತಿದ್ದೆ. ಚಾರಣವೆಂಬುದು ಕೇಳಲು ಮೂರಕ್ಷರದ ಹಗುರ ಶಬ್ದ. ಅದರ ಬೆನ್ನಿಗೆ ಟೋಪಿ, ಟಾರ್ಚು, ರಕ್ತ ಹೀರುವ ಉಂಬಳಕ್ಕೆ ಉಪ್ಪು, ಮಂಡಿನೋವಿನ ಮುಲಾಮು, ನೀರಿನ ಬಾಟಲಿಗಳು, ಅವಲಕ್ಕಿ, ಬದಲಿ ಬಟ್ಟೆ ಎಂದು ಮೆರವಣಿಗೆಯೇ ಹೊರಡುತ್ತದೆ.

ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರು ನಾಗರಾಜ ಪ್ರತಿವರ್ಷ ಶಿಕ್ಷಕರನ್ನು ಹಿಲ್ಲೂರಿನಾಚೆಯ ಗುಡ್ಡಕ್ಕೆ ಕರೆದೊಯ್ಯುತ್ತಾನೆ. ಈ ಸಲ ನಾನು ಒಪ್ಪಿಕೊಂಡದ್ದು ನಿಸರ್ಗಪ್ರೇಮದಿಂದಲ್ಲ. ಸದಾಶಿವಗಡದ ನಮ್ಮ ಮನೆಯಲ್ಲಿ ಯಜಮಾನರು ಪಾರ್ಶ್ವವಾಯುವಿನಿಂದ ಎಡಗೈಯ ಸ್ವಾಧೀನ ಕಳೆದುಕೊಂಡು ಕುಳಿತಾಗಿನಿಂದ ನಾನು ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಔಷಧಿ ಅಂಗಡಿ. ದಣಿದಿದ್ದೇನೆ. ಮಕ್ಕಳಿಗೆ ಇಷ್ಟೆಲ್ಲ ಅಲಂಕಾರ ಕಲಿಸುವ ಕನ್ನಡ ಶಿಕ್ಷಕಿಗೆ ಈ ಒಂದು ಪದವನ್ನು ಅಲಂಕರಿಸಲು ಬರಲಿಲ್ಲ. ಒಂದು ದಿನದ ಮಟ್ಟಿಗೆ ನಾದಿನಿ ಶಾಂತಾ ಮನೆ ನೋಡಿಕೊಳ್ಳುತ್ತೇನೆಂದಳು.

ಹೊರಡುವ ಮುನ್ನಾದಿನ ಯಜಮಾನರು ಕುರ್ಚಿಯಿಂದಲೇ ಕೈಚಾಚಿ, "ತಾ ಇಲ್ಲಿ, ನಾ ತುಂಬ್ತೆ" ಎಂದರು. ಕಾಯಿಲೆ ಬಿದ್ದ ಮೇಲೆ ತಾವಾಗಿ ಕೇಳಿ ತೆಗೆದುಕೊಂಡ ಮೊದಲ ಕೆಲಸ. ದೋಣಿ ನಡೆಸುವ ತಾಂಡೇಲರಾಗಿ ತಲೆ ನರೆತವರು. ಕಡಲಿಗೆ ಹೋಗುವ ಮನೆಯವರಿಗೆ ತುಂಬುವ ಕ್ರಮ ಒಂದೇ: ಭಾರವಾದದ್ದು ತಳಕ್ಕೆ, ಹಗುರವಾದದ್ದು ಮೇಲಕ್ಕೆ, ಇಲ್ಲದಿದ್ದರೆ ಮೊದಲ ತೆರೆಗೇ ದೋಣಿ ಮಗುಚುತ್ತದೆ. ಅದೇ ನಂಬಿಕೆಯಲ್ಲಿ ಬಾಟಲಿಗಳನ್ನೂ ಡಬ್ಬಿಗಳನ್ನೂ ತಳಕ್ಕೆ ಒತ್ತಿ, ಅವುಗಳ ಮೇಲೆ ಬಟ್ಟೆ ಹಾಸಿ, ಚೀಲದ ಬಾಯಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಒಂದೇ ಕೈಯಲ್ಲಿ ಗಂಟು ಹಾಕಿದರು. ಬೆಳಗಿನಿಂದ ಮಧ್ಯಾಹ್ನದವರೆಗೂ ಬೇರೆ ಧ್ಯಾಸವಿರಲಿಲ್ಲ.

"ಭಾರೀ ಚಲೋ ಆಯ್ತು ಅಣ್ಣಾ" ಎಂದಳು ಶಾಂತಾ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಚಮಚ ಹಿಡಿದರೂ ಹೊಗಳಿಕೆ, ಗುಂಡಿ ಹಾಕಿಕೊಂಡರೂ ಶಹಬ್ಬಾಸ್. ಬಾಲವಾಡಿಯ ಮಗುವಿನಂತೆ ಅವರನ್ನು ರಮಿಸುವುದು ನಮಗೆಲ್ಲ ರೂಢಿಯಾಗಿತ್ತು. ಹಾಗೆ ರಮಿಸಿದಾಗಲೆಲ್ಲ ಅವರು ಇನ್ನಷ್ಟು ಮೌನವಾಗುತ್ತಿದ್ದರು. ಹೀಗೇ ಒಂದು ದಿನ ಮಾತೇ ನಿಂತುಹೋದೀತೆಂಬ ಹೆದರಿಕೆ ನನಗಿತ್ತು. ಹೆದರಿಕೆಯಿಂದ ಇನ್ನಷ್ಟು ರಮಿಸುತ್ತಿದ್ದೆ.

ಮರುದಿನ ಬಾಳೆಗುಳಿಯಲ್ಲಿ ಎಲ್ಲರೂ ಸೇರಿದಾಗ ನಾಗರಾಜ ನನ್ನ ಚೀಲ ಎತ್ತಿ ನೋಡಿದ. "ಅಕ್ಕೋರೆ, ಇದೆಂತ, ತಳಕ್ಕೆ ಕಲ್ಲು ತುಂಬಿದ್ರಾ? ಭಾರ ಮೇಲೆ ಬೆನ್ನಿಗೆ ತಾಗಿ ಇರ್ಬೇಕು. ಬಿಚ್ಚಿ ಕೊಡಿ, ಸರಿ ಮಾಡ್ತೆ." ಆ ಗಂಟನ್ನು ಬಿಚ್ಚಲು ನಾನು ಬಿಡಲಿಲ್ಲ. ಹಲ್ಲಿನಿಂದ ಎಳೆದು ಕಟ್ಟಿದ್ದು ಅದು. ಪರಿಣಾಮವನ್ನು ಮಾತ್ರ ಗುಡ್ಡದುದ್ದಕ್ಕೂ ಅನುಭವಿಸಿದೆ. ಯಾರೋ ಹಿಂದಿನಿಂದ ಸೊಂಟ ಹಿಡಿದು ಕೆಳಗೆಳೆದಂತೆ ಪ್ರತಿ ಹೆಜ್ಜೆಗೂ ಹಿಂದಕ್ಕೆ ವಾಲುತ್ತಿದ್ದೆ. ತುದಿಯಲ್ಲಿ ಉಳಿದವರು ದೃಶ್ಯವೈಭವಕ್ಕೆ ಬೆರಗಾಗಿ ನಿಂತಿದ್ದರೆ, ಸಾಹಿತ್ಯದ ವಿದ್ಯಾರ್ಥಿನಿಯಾದ ನಾನು ಮಲಗಲು ನೆರಳೆಲ್ಲಿದೆಯೆಂದು ಹುಡುಕಿದೆ.

ಸಂಜೆ ಬಸ್ಸಿನಲ್ಲಿ ಕುಳಿತು ಯಜಮಾನರಿಗೆ ಹೇಳಬೇಕಾದ ಮೆಚ್ಚುಗೆಯ ವಾಕ್ಯವನ್ನು ಸಿದ್ಧಪಡಿಸಿಕೊಂಡೆ. ಮನೆಗೆ ಬಂದಾಗ ಅವರು ಬಾಗಿಲ ಬಳಿಯೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು.

"ಹೆಂಗಾಯ್ತೆ? ಚೀಲ ಹೊಯ್ದಾಡ್ಲಿಲ್ಲ ಅಲ್ದ?"

ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ನನ್ನಲ್ಲಿ ಅದಿರಲಿಲ್ಲ.

"ಎಂತ ಹೊಯ್ದಾಡ್ಲಿಲ್ಲ? ನನ್ನ ಸೊಂಟ ಮುರ್ದು ಹೋಯ್ತು. ಭಾರ ಮೇಲೆ ಇರ್ಬೇಕಿತ್ತು. ಗುಡ್ಡಕ್ಕೆ ಹೋಗುವರಿಗೆ ಯಾರಾದ್ರೂ ದೋಣಿ ತುಂಬ್ದಂಗೆ ತುಂಬ್ತಾರಾ?"

ಒಳಗೆ ಶಾಂತಾಳ ಪಾತ್ರೆಯ ಸದ್ದು ನಿಂತಿತು. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವಂತಿದ್ದರೆ ಎಂದು ಸಂಕಟಪಟ್ಟುಕೊಂಡೆ. ಅವರ ಮುಖ ಗೋಡೆಯ ಕಡೆ ತಿರುಗಲಿಲ್ಲ, ಕೆಂಪಾಯಿತು.

"ಹಂಗಂತ ನಿಂಗೆ ಯಾರು ಹೇಳ್ದ? ಆ ಡ್ರಿಲ್ ಮಾಸ್ತರನಾ? ಅವ ಎಷ್ಟು ತೆರೆ ಕಂಡಿದ್ದ? ನೀ ಬಗ್ಗಿ ನಡೀಲಿಲ್ಲ, ಅದ್ಕೇ ಎಳೆದದ್ದು."

"ಬಗ್ಗಿಯೇ ನಡೆದೆ."

"ಸುಳ್ಳು. ತಾ ಚೀಲ."

ಕಸಿದುಕೊಂಡು ಗಂಟು ಬಿಚ್ಚಿ ಇದ್ದುದೆಲ್ಲವನ್ನೂ ನೆಲಕ್ಕೆ ಸುರುವಿದರು. ಈಗ ಭಾರ ಮೇಲಿಟ್ಟು ತುಂಬುತ್ತೇನೆ, ಬೆನ್ನಿಗೆ ಹಾಕಿಕೊಂಡು ಅಂಗಳದಲ್ಲಿ ನಡೆದು ತೋರಿಸು, ಯಾರದು ಸರಿಯೆಂದು ಗೊತ್ತಾಗುತ್ತದೆ ಎಂದು ಹಟ ಹಿಡಿದರು. ನನ್ನ ಮಂಡಿ ಉರಿಯುತ್ತಿತ್ತು, ಕಣ್ಣೂ ಉರಿಯತೊಡಗಿತು. ನಡೆಯುವುದಿಲ್ಲ ಎಂದೆ. ನಡೆಯಲೇಬೇಕು ಎಂದರು. ಶಾಂತಾ ಊಟಕ್ಕೆ ಕರೆದಳು, ಮತ್ತೆ ಕರೆದಳು. ಅನ್ನ ಆರಿಹೋಗುವವರೆಗೂ ನಾವಿಬ್ಬರೂ ಜಗಳವಾಡಿದೆವು.